ಅಚ್ಚಿಗೂ ಗಾಲಿಗೂ ನಡುವೆ

ರಥದ ಅಳತೆಯನ್ನು ನಮ್ಮ ಪ್ರಾಚೀನರು ಅಲ್ಪವಿಷಯವೆಂದು ಎಣಿಸಿದವರಲ್ಲ. ಆಪಸ್ತಂಬರ ಶುಲ್ಬಸೂತ್ರದಲ್ಲಿ ರಥದ ಈಷೆಗೆ, ಎಂದರೆ ಮೂಕಿಮರಕ್ಕೆ, ೧೮೮ ಅಂಗುಲ, ಅಚ್ಚಿಗೆ ೧೦೪ ಅಂಗುಲ, ನೊಗಕ್ಕೆ ೮೬ ಅಂಗುಲವೆಂದು ಹೇಳಿದೆ. ಯಜ್ಞವೇದಿಯನ್ನು ಅಳೆಯುವುದಕ್ಕೂ ಈ ಮಾನವು ಸಲ್ಲುತ್ತಿತ್ತು. ಅಚ್ಚಿನ ಉದ್ದವೆಂಬುದು ಹಾಗೆ ಒಂದು ನಿಯತವಾದ ವಸ್ತು. ಆ ನಿಯತವಾದುದನ್ನು ಪಕ್ಕಕ್ಕೆ ಹತ್ತು ಮಿಲಿಮೀಟರು ಅಗಲಿಸಿಕೊಳ್ಳುವುದಕ್ಕಾಗಿ ಈ ಕಾಲದ ತರುಣರು ಸಂತೋಷದಿಂದ ಹಣ ತೆರುತ್ತಾರೆಂಬುದನ್ನು ನಾವು ೨೦೨೩ರ ಬೇಸಗೆಯಲ್ಲಿ ಕಣ್ಣಾರೆ ಕಂಡೆವು.

ನಮ್ಮ ತಂಗಿಯ ಮಗನು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನಲ್ಲಿರುವುದು ಬಿಎಂಡಬ್ಲ್ಯು ಝಡ್‌ಫೋರ್ ಎಂಬ ಸ್ಪೋರ್ಟ್ಸ್ ಕಾರು. ೨೦೦೯ರಿಂದ ೨೦೧೬ರ ವರೆಗೆ ತಯಾರಾದ ಪೀಳಿಗೆಯದು, ಮತ್ತೊಬ್ಬರು ಓಡಿಸಿ ಮಾರಿದ್ದು. ಅದರಲ್ಲಿ ಆಸನಗಳು ಎರಡೇ. ಅತಿಥಿಯು ಹತ್ತಿದರೆ ದಂಪತಿಗಳಲ್ಲಿ ಒಬ್ಬರು ಮನೆಯಲ್ಲಿ ಉಳಿಯತಕ್ಕದ್ದು.

ಈ ಗಾಡಿಯಲ್ಲಿ ಅವನಿಗೆ ಎರಡು ಕೊರತೆಗಳು ಕಂಡಿದ್ದವು. ಗಾಲಿಗಳು ಮಡ್‌ಗಾರ್ಡಿನ ಒಳಕ್ಕೆ ಸರಿದು ನಿಂತಿವೆಯೆಂಬುದು ಒಂದು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ತೂರುವಷ್ಟು ಸಂದು ಇದೆಯೆಂಬುದು ಇನ್ನೊಂದು. "ಗಾಡಿ ಚೆನ್ನಾಗಿ ಓಡುವುದು ಸಾಲದೇನಪ್ಪ?" ಎಂದು ಕೇಳಿದೆವು. "ಓಡುವುದೇನೋ ಓಡುತ್ತದೆ, ಮಾವ. ನಿಂತಾಗಲೂ ಚೆನ್ನಾಗಿ ಕಾಣಬೇಕಲ್ಲ!" ಎಂದನು. ಈ ಉತ್ತರದ ಪ್ರಾಮಾಣಿಕತೆಯು ನಮಗೆ ಹಿಡಿಸಿತು. ಅನೇಕರು ಇಂತಹ ಕೆಲಸಕ್ಕೆ ಶಾಸ್ತ್ರದ ಹೊದಿಕೆ ಹೊದಿಸುತ್ತಾರೆ.

ಶಾಸ್ತ್ರವು ಇಲ್ಲದೆ ಇಲ್ಲ. ತಿರುವಿನಲ್ಲಿ ಗಾಡಿಯ ಭಾರವು ಒಳಗಾಲಿಯಿಂದ ಹೊರಗಾಲಿಗೆ ಸರಿಯುತ್ತದೆ. ಹಾಗೆ ಸರಿಯುವ ಪ್ರಮಾಣವು ಗುರುತ್ವಕೇಂದ್ರದ ಎತ್ತರವನ್ನು ಎಡಬಲ ಗಾಲಿಗಳ ನಡುವಣ ಅಂತರದಿಂದ ಭಾಗಿಸಿದಷ್ಟು. ಎತ್ತರ ೫೦ ಸೆಂಟಿಮೀಟರು, ಅಂತರ ೧೫೦ ಎಂದು ಇಟ್ಟುಕೊಳ್ಳೋಣ. ಸ್ಪ್ರಿಂಗು ಬದಲಾಯಿಸಿ ಮೂರು ಸೆಂಟಿಮೀಟರು ತಗ್ಗಿಸಿ, ಬಿಲ್ಲೆ ಹಾಕಿ ಎರಡು ಸೆಂಟಿಮೀಟರು ಅಗಲಿಸಿದರೆ, ಮೊದಲು ನೂರು ಪಾಲು ಸರಿಯುತ್ತಿದ್ದ ಭಾರವು ಈಗ ತೊಂಬತ್ತಮೂರು ಪಾಲು ಸರಿಯುತ್ತದೆ. ಲಾಭವು ಇಷ್ಟೇ. ಇದಕ್ಕೆ ಪ್ರತಿಯಾಗಿ ಗಾಲಿಯ ಬೇರಿಂಗಿನ ಮೇಲೆ ಸನ್ನೆಕೋಲಿನ ಒತ್ತು ಹೆಚ್ಚುತ್ತದೆ, ಹಳ್ಳದಿಣ್ಣೆಗಳು ಬೆನ್ನಿಗೆ ನೇರವಾಗಿ ತಿಳಿಯುತ್ತವೆ.

ವ್ಹೀಲ್ ಸ್ಪೇಸರ್ ಎಂಬುದು ಅಲ್ಯೂಮಿನಿಯಂ ಮಿಶ್ರಲೋಹದ ಒಂದು ದಪ್ಪ ಬಿಲ್ಲೆ. ಅದನ್ನು ಗುಂಬಕ್ಕೂ ಗಾಲಿಗೂ ನಡುವೆ ಇಟ್ಟು ಬೋಲ್ಟು ಬಿಗಿದರೆ ಗಾಲಿಯು ಅಷ್ಟು ಹೊರಕ್ಕೆ ಬರುತ್ತದೆ. ನೋಡಲು ಮಕ್ಕಳ ಆಟಿಕೆಯಂತಿದೆ. ನಾವು ಹೋಗುವುದಕ್ಕೆ ಮುಂಚೆಯೇ ಅವನು ಅಗ್ಗದ ಒಂದು ಜೊತೆಯನ್ನು ಯಾರಿಂದಲೋ ತರಿಸಿ ಹಾಕಿ ನೋಡಿದ್ದನು. ಗಂಟೆಗೆ ೧೧೦ ಕಿಲೋಮೀಟರು ವೇಗವಾದೊಡನೆ ಸ್ಟಿಯರಿಂಗು ಚಳಿಜ್ವರ ಬಂದವರ ಕೈಯಂತೆ ನಡುಗಿತಂತೆ. ಕಾರಣವು ಸುಲಭವಾದದ್ದು: ಆ ಗಾಡಿಯ ಗುಂಬದ ನಡುವಣ ಉಬ್ಬಿನ ವ್ಯಾಸ ೭೨.೬ ಮಿಲಿಮೀಟರು, ಬಿಲ್ಲೆಯ ರಂಧ್ರವು ಅದಕ್ಕಿಂತ ದೊಡ್ಡದಾಗಿದ್ದು, ಗಾಲಿಯು ಕೂದಲೆಳೆಯಷ್ಟು ಕೇಂದ್ರ ತಪ್ಪಿ ಸುತ್ತುತ್ತಿತ್ತು. ಅಂದು ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿಯು, ಸರಕಾರದ ಪರೀಕ್ಷಾಪತ್ರ ಕೈಗೆ ಬರುವವರೆಗೆ ಇನ್ನು ಆ ಗಾಡಿಯನ್ನು ಹತ್ತುವುದಿಲ್ಲವೆಂದು ಹೇಳಿಬಿಟ್ಟಳು. ಮನೆಯಲ್ಲಿ ಮೂರು ವಾರ ಮಾತು ಬಹಳ ಕಡಮೆಯಾಗಿತ್ತೆಂದು ನಮಗೆ ತಿಳಿದುಬಂತು. ದೇಶಾಂತರದಲ್ಲಿ ಇಬ್ಬರೇ ಇರುವ ಮನೆಯಲ್ಲಿ ಮಾತು ನಿಂತರೆ ಉಳಿಯುವುದು ಗೋಡೆಗಳು.

ಎರಡನೆಯ ಸಲ ಅವನು ಪ್ರಮಾಣಪತ್ರವುಳ್ಳ ಬಿಲ್ಲೆಗಳನ್ನೂ ಸ್ಪ್ರಿಂಗುಗಳನ್ನೂ ತರಿಸಿದನು. ಆ ದೇಶದಲ್ಲಿ ಲಿಫ್ಟನ್ನೂ ಉಪಕರಣಗಳನ್ನೂ ಗಂಟೆಯ ಬಾಡಿಗೆಗೆ ಕೊಡುವ ಕಾರ್ಯಾಗಾರಗಳಿವೆ; ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಅಲ್ಲಿಗೆ ನಾವೂ ಹೋಗಿ ಒಂದು ಮುಕ್ಕಾಲಿಯ ಮೇಲೆ ಕುಳಿತೆವು.

ನ್ಯಾಯವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ವಿಧವಾಗಿ ವಿಂಗಡಿಸಿದ್ದಾರೆ. ಬಗ್ಗಿಸಿದ ಕೊಂಬೆಯು ಬಿಟ್ಟೊಡನೆ ಮೊದಲಿನ ಸ್ಥಿತಿಗೆ ಹೋಗುವುದು ಮೂರನೆಯದರ ಬಲದಿಂದ. ತರ್ಕಸಂಗ್ರಹದ ಪಾಠದಲ್ಲಿ ಈ ಮಾತನ್ನು ನಾವು ಎಷ್ಟೋ ವರ್ಷ ಹೇಳಿದ್ದುಂಟು. ಉದಾಹರಣೆಗೆ ಸುರುಳಿ ಬಿಚ್ಚಿದ ಚಾಪೆಯೊಂದು ಸಾಕಾಗುತ್ತಿತ್ತು. ಇಲ್ಲಿ ನೋಡಿದ ಸ್ಥಿತಿಸ್ಥಾಪಕವು ಚಾಪೆಯಂತಹ ಸಾಧುವಲ್ಲ. ಮುಂದಿನ ಸ್ಪ್ರಿಂಗನ್ನು ಶಾಕ್ ಅಬ್ಸಾರ್ಬರಿನಿಂದ ಬಿಡಿಸಬೇಕಾದರೆ ಮೊದಲು ಅದನ್ನು ತಿರುಪಿನ ಉಪಕರಣದಿಂದ ಎರಡೂ ಪಕ್ಕದಲ್ಲಿ ಸಮನಾಗಿ ಅಮುಕಿ ಹಿಡಿಯಬೇಕು. ಆಮೇಲೆಯೇ ಮೇಲಿನ ನಟ್ಟಿಗೆ ಕೈ ಹಾಕಬೇಕು. ಉಪಕರಣ ಜಾರಿದರೆ ಸ್ಪ್ರಿಂಗು ಗುಂಡಿನಂತೆ ಹಾರುತ್ತದೆ. ಹಾಗೆ ಪ್ರಾಣ ಹೋದದ್ದೂ ಉಂಟು. ಅಷ್ಟು ಹೊತ್ತೂ ಹುಡುಗನು ಮುಖವನ್ನು ಅದರ ನೇರಕ್ಕೆ ಒಡ್ಡಲಿಲ್ಲ. ನಾವು ಮುಕ್ಕಾಲಿಯನ್ನು ಬಾಗಿಲ ಬಳಿಗೆ ಸರಿಸಿಕೊಂಡೆವು.

ಇನ್ನೊಂದು ಸೂಕ್ಷ್ಮವುಂಟು. ಕೆಳತೋಳುಗಳ ರಬ್ಬರು ಬುಷ್ಷುಗಳ ಬೋಲ್ಟುಗಳನ್ನು ಗಾಡಿಯು ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಲಾಗದು. ಗಾಲಿಗಳು ನೆಲಕ್ಕೆ ಊರಿ ಭಾರ ಹೊತ್ತ ಮೇಲೆಯೇ ಕಡೆಯ ಬಿಗಿ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಬಿಲ್ಲೆಯು ಎಷ್ಟು ದಪ್ಪವೋ ಬೋಲ್ಟು ಅಷ್ಟು ಉದ್ದವಾಗಬೇಕು. ಆ ಗಾಡಿಯದು ೧೨ ಮಿಲಿಮೀಟರು ವ್ಯಾಸದ ಬೋಲ್ಟು, ಥ್ರೆಡ್ಡಿನ ಅಂತರ ೧.೫, ಅದು ಕಡಮೆಯೆಂದರೆ ಆರೂವರೆ ಸುತ್ತು ಗುಂಬದೊಳಕ್ಕೆ ಹೋಗಬೇಕೆಂದು ಅಲ್ಲಿಯ ರೂಢಿ. ಕೈಕೇಯಿಯು ಕಡಾಣಿ ಮುರಿದ ರಥಕ್ಕೆ ಬೆರಳನ್ನೇ ಕೊಟ್ಟಳೆಂಬ ಕಥೆ ನಮ್ಮಲ್ಲಿ ಪ್ರಸಿದ್ಧವಾಗಿದೆಯಷ್ಟೆ. ಇಲ್ಲಿ ಬೆರಳು ಕೊಡಲು ವ್ಯವಧಾನವಿಲ್ಲ. ತಯಾರಕನು ಕೂಡಿಸಿದ ಕಡೆ ನಮ್ಮದೊಂದು ತುಂಡನ್ನು ಸೇರಿಸಿದ ಕ್ಷಣದಿಂದ, ಆ ಕೀಲಿನ ಹೊಣೆ ತಯಾರಕನನ್ನು ಬಿಟ್ಟು ನಮ್ಮ ತಲೆಗೆ ಬರುತ್ತದೆ.

ಜರ್ಮನಿಯ ಕಾನೂನು ಈ ಹೊಣೆಯನ್ನು ಬರಿಯ ಮಾತಿಗೆ ಬಿಟ್ಟಿಲ್ಲ. ಇಂತಹ ಭಾಗಗಳನ್ನು ಹಾಕಿದ ಗಾಡಿಯನ್ನು ಅಧಿಕೃತ ಪರೀಕ್ಷಕನಿಗೆ ತೋರಿಸಿ ಒಪ್ಪಿಗೆ ಪಡೆಯದಿದ್ದರೆ ಗಾಡಿಯ ಅನುಮತಿಯೇ ರದ್ದಾಗುತ್ತದೆ. ನಮ್ಮ ದೇಶದ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯೂ, ೨೦೧೯ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೂ ತಯಾರಕನ ನಿರ್ದೇಶಕ್ಕೆ ವಿರುದ್ಧವಾದ ಮಾರ್ಪಾಟನ್ನು ಒಪ್ಪುವುದಿಲ್ಲ. ಅಲ್ಲಿಯವರು ಮಾರ್ಪಡಿಸು, ಆದರೆ ತೋರಿಸು ಎನ್ನುತ್ತಾರೆ. ನಮ್ಮ ಮನಸ್ಸಿಗೆ ಅಲ್ಲಿಯ ಪದ್ಧತಿಯೇ ಹೆಚ್ಚು ಒಪ್ಪುತ್ತದೆ.

ಪರೀಕ್ಷಕನು ಒಂದು ಮುಂಗಾಲಿಯನ್ನೂ ಅದಕ್ಕೆ ಮೂಲೆಯಾದ ಹಿಂಗಾಲಿಯನ್ನೂ ದಿಮ್ಮಿಗಳ ಮೇಲೆ ಏರಿಸಿ, ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ, ಟಾರ್ಚು ಹಿಡಿದು ನೋಡಿದನು. ಗಾಲಿಯ ಕೇಂದ್ರದಿಂದ ಮುಂದಕ್ಕೆ ೩೦ ಅಂಶ, ಹಿಂದಕ್ಕೆ ೫೦ ಅಂಶದವರೆಗೆ ಟೈರು ಮಡ್‌ಗಾರ್ಡಿನ ಮರೆಯಲ್ಲಿರಬೇಕೆಂಬ ನಿಯಮಕ್ಕೆ ಕೊರತೆ ಬರಲಿಲ್ಲ. ಆದರೆ ಎಡ ಹಿಂಗಾಲಿಯು ಪೂರ್ತಿ ಮೇಲೆ ಒತ್ತಿದಾಗ ಮಡ್‌ಗಾರ್ಡಿನ ಒಳಅಂಚಿಗೆ ಉಜ್ಜುತ್ತಿತ್ತು. ಅವನು ಸಹಿ ಹಾಕಲಿಲ್ಲ. ಹಿಂದೆ ಹಾಕಿದ್ದ ೧೫ ಮಿಲಿಮೀಟರಿನ ಬಿಲ್ಲೆಗಳನ್ನು ತೆಗೆದು ೧೦ ಮಿಲಿಮೀಟರಿನವನ್ನು ಹಾಕಬೇಕಾಯಿತು.

ಆ ಸಂಜೆ ಹೊಸ ಬಿಲ್ಲೆಗಳು ಬಂದಾಗ ಹುಡುಗನು ಹಳೆಯ ಬೋಲ್ಟುಗಳನ್ನೇ ಕೈಗೆತ್ತಿಕೊಂಡಿದ್ದನು. ಗೃಹಿಣಿಯು ಹೊಲಿಗೆಯ ಪೆಟ್ಟಿಗೆಯಿಂದ ಅಳತೆಪಟ್ಟಿ ತಂದು, "ಬಿಲ್ಲೆ ಐದು ಮಿಲಿಮೀಟರು ತೆಳುವಾಯಿತು. ಈ ಬೋಲ್ಟು ಐದು ಮಿಲಿಮೀಟರು ಹೆಚ್ಚಾಗಿ ಒಳಕ್ಕೆ ಹೋಗುವುದಿಲ್ಲವೇ? ಅಲ್ಲಿ ಏನಿದೆ?" ಎಂದು ಕೇಳಿದಳು. ಒಳಗೆ ತಾಗಬಾರದ ಭಾಗಗಳಿದ್ದವು. ಹುಡುಗನು ಬೋಲ್ಟುಗಳನ್ನು ಕೆಳಗಿಟ್ಟು, ಬಹಳ ದಿನಗಳ ಮೇಲೆ ಹೆಂಡತಿಯ ಮುಖವನ್ನು ನೇರವಾಗಿ ನೋಡಿದನು.

ಸರಿಯಾದ ಬೋಲ್ಟುಗಳು ಬಂದು, ಗಾಲಿಗಳ ಓರೆಯನ್ನೂ ದೀಪಗಳ ಮಟ್ಟವನ್ನೂ ಸರಿಪಡಿಸಿದ ಮೇಲೆ ಪತ್ರವು ಕೈಸೇರಿತು. ಅವರಿಬ್ಬರೂ ಗಾಡಿ ಹತ್ತಿ ಹೋದರು. ಮನೆಯಲ್ಲಿ ಉಳಿದವರು ಈ ಸಲ ನಾವು. ಐವತ್ತು ಕಿಲೋಮೀಟರು ಓಡಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿದು ನೋಡಬೇಕಾದದ್ದು ಕಡ್ಡಾಯ. ಹಿಂದಿರುಗಿ ಬಂದು, ಗಾಲಿಗಳು ತಣಿದ ಮೇಲೆ, ಅವಳೇ ಟಾರ್ಕ್ ರೆಂಚನ್ನು ೧೨೦ ನ್ಯೂಟನ್ ಮೀಟರಿಗೆ ಇಟ್ಟು ಇಪ್ಪತ್ತು ಬೋಲ್ಟುಗಳನ್ನೂ ಒಂದೊಂದಾಗಿ ಪರೀಕ್ಷಿಸಿದಳು, ಅವನು ಎಣಿಸುತ್ತಿದ್ದನು. ಹದಿನೆಂಟು ಅಲುಗಲಿಲ್ಲ. ಬಲ ಮುಂಗಾಲಿಯ ಎರಡು ಮಾತ್ರ ಕಾಲು ಸುತ್ತು ಒಳಕ್ಕೆ ಹೋಗಿ ಟಕ್ಕೆಂದವು.