ನಮ್ಮನಿ ಯೆಜ್ಡಿ ಮತ್ತ ಎಣ್ಣಿ ಡಬ್ಬಿ

ಹೋದ ಸಲ ಗುರೆಳ್ಳ ಚಟ್ನಿಪುಡಿ ಬಗ್ಗೆ ಬರದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಅಂಗಳಕ್ಕ ಬಂದೇನಿ. ಓಣ್ಯಾಗ ಕಂಡೋರೆಲ್ಲಾ "ಏನ್ರೀ, ಮುಂಜಾನೆದ್ದು ಗಾಡಿ ಬಿಚ್ಚಿಕೊಂಡು ಕೂಡ್ತೀರಲ್ಲ, ಗ್ಯಾರೇಜ್ ತಗದೀರೇನು?" ಅಂತ ಕೇಳ್ಲಿಕತ್ತಾರ. ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಒಮ್ಮೆ ಬರದುಬಿಟ್ರ ಛಲೋ ಅನಸ್ತು.

ನಮ್ಮನಿ ಯೆಜ್ಡಿ ನಿಮಗೆಲ್ಲಾ ಗೊತ್ತಿದ್ದದ್ದೇ. 1978ರ ಗಾಡಿ. ನಮ್ಮ ಲಗ್ನ ಆದ ವರ್ಷ, 1991ರಾಗ, ಇವರು ಒಬ್ಬ ಮಾಸ್ತರ ಕಡಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು. ನಮ್ಮ ರಾಜ್ಯದಾಗೇ ಹುಟ್ಟಿದ ಗಾಡಿ ಅದು, ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯೊಳಗ. 1961ರಾಗ ಅಲ್ಲೆ ಜಾವಾ ಗಾಡಿ ಮಾಡ್ಲಿಕ್ಕೆ ಶುರು ಮಾಡಿದ್ರು, ಮುಂದ ಯೆಜ್ಡಿ ಅಂತ ಹೆಸರು ಬಂತು, 1996ರಾಗ ಫ್ಯಾಕ್ಟರಿನೇ ಬಂದ್ ಆತು. ಸೈಲೆನ್ಸರ್ ಎರಡು. ಕಿಕ್ ಹೊಡಿಯೂದೂ ಗೇರ್ ಹಾಕೂದೂ ಮಾತ್ರ ಒಂದೇ ಲಿವರ್‌ನಿಂದ. ಎಡಗಡೆ ಲಿವರ್ ಒಳಗ ಒತ್ತಿ ಎತ್ತಿ ಕಿಕ್ ಹೊಡೀಬೇಕು, ಗಾಡಿ ಚಾಲೂ ಆದಮ್ಯಾಲೆ ಅದನ್ನೇ ಮುಂದಕ್ಕ ಇಳಿಸಿದ್ರ ಗೇರ್ ಹಾಕೂ ಲಿವರ್ ಆಗ್ತದ. ಪೆಟ್ರೋಲಿನಾಗ ಲೀಟರಿಗೆ 40 ಮಿಲಿ ಆಯಿಲ್ ಕಲಸಬೇಕು. ನಮ್ಮತ್ತಿ "ಇದಕ್ಕೂ ಒಗ್ಗರಣಿ ಬೇಕೇನ?" ಅಂತ ನಗತಿದ್ರು.

ರವಿವಾರ ಬಂತಂದ್ರ ಇವರು ಗಾಡಿ ಬಿಚ್ಚೂದು, ನಾನು ಬ್ಯಾಟರಿ ಹಿಡಿಯೂದು. ಬ್ಯಾಟರಿ ಅಂದ್ರ ನಮ್ಮ ಕಡೆ ಟಾರ್ಚು. ಒಲಿ ಮ್ಯಾಲೆ ಹಾಲಿಟ್ಟು ಬಂದಿರ್ತಿದ್ದೆ, ಧ್ಯಾನ ಅತ್ಲಾಗ ಹೋಗಿ ಕೈ ಅಲಗಾಡಿದ್ರ "ಎಲ್ಲಿ ನೋಡ್ತಿ? ಇಲ್ಲೆ ಹಿಡಿ" ಅಂತ ಬೈಸಿಕೋತಿದ್ದೆ. ಮೂವತ್ತು ವರ್ಷ ಹಿಂಗ ಬೈಸಿಕೊಂಡೇನಿ. ಅದರಾಗ ಏನರೆ ಕಲತೇನಿ ಅಂತ ನನಗ ಗೊತ್ತೇ ಇದ್ದಿದ್ದಿಲ್ಲ.

ಎರಡು ವರ್ಷದ ಹಿಂದ ಇವರಿಗೆ ಲಕ್ವಾ ಹೊಡೀತು. ಬಲಗೈ, ಬಲಗಾಲು ಹೋತು, ಮಾತೂ ಹೋತು. ಕಾಲು ಈಗ ಸ್ವಲ್ಪ ಆಗೇದ, ಕೋಲು ಹಿಡಕೊಂಡು ಕಟ್ಟಿತನಕ ಬರ್ತಾರ. ಮಾತು ಮಾತ್ರ ಪೂರಾ ಬಂದಿಲ್ಲ. ತಲ್ಯಾಗ ಎಲ್ಲಾ ಗೊತ್ತಿರ್ತದ, ಹೆಸರು ಬಾಯಿಗೆ ಬರೂದಿಲ್ಲ. ನೀರು ಬೇಕಿದ್ರ "ಚಾವಿ" ಅಂತಾರ. ತಪ್ಪಾತು ಅಂತ ಅವರಿಗೇ ತಿಳೀತದ, ಆಮ್ಯಾಲೆ ಸುಮ್ಮನಾಗಿಬಿಡ್ತಾರ. ಹಂಗ ಸುಮ್ಮನಾಗೂದು ದಿನಾ ಜಾಸ್ತಿ ಆಗ್ಲಿಕತ್ತಿತ್ತು. ಡಾಕ್ಟರು, ಔಷಧ, ಬ್ಯಾಂಕಿನ ಕೆಲಸ, ಎಲ್ಲಾ ನಾವೇ ನಿರ್ಧಾರ ಮಾಡಿ ಅವರ ಮುಂದ ಹೇಳೂದು, ಅವರು ಗೋಣು ಹಾಕೂದು.

ಗಾಡಿದೂ ಹಂಗೇ ಆತು. ಮಗ ಬೆಂಗಳೂರಿಂದ ಬಂದಾಗ "ಅವ್ವಾ, ಎರಡು ವರ್ಷ ನಿಂತದ, ತುಕ್ಕು ಹಿಡಿತದ. ಹಳೇ ಗಾಡಿ ತಗೊಳ್ಳೋರಿದ್ದಾರ, ಕೊಟ್ಟುಬಿಡೋಣು" ಅಂದ. ಖರೇ ಹೇಳ್ತೀನಿ, ನನಗೂ ಕೊಡೂದೇ ಬೇಕಾಗಿತ್ತು. ಬಾಗಲಾ ತಗದ್ರ ಅದೇ ಕಾಣತಿತ್ತು, ಹೊಟ್ಟಿ ಕಿವಚಿದಂಗಾಗ್ತಿತ್ತು. ದವಾಖಾನಿ ಖರ್ಚೂ ಇತ್ತು. ಮಗ ಅಪ್ಪನ್ನ ಕೇಳಿದ. ಅವರು ಏನೋ ಹೇಳ್ಲಿಕ್ಕೆ ನೋಡಿದ್ರು, ಬರ್ಲಿಲ್ಲ. ಗೋಣು ಹಾಕಿದ್ರು. ನಾನು ಅವರ ಮುಖ ನೋಡಿದೆ. ಅದು ಹೂಂ ಅನ್ನೂ ಗೋಣಲ್ಲ, ಸಾಕಾತು ಅನ್ನೂ ಗೋಣು.

"ಮೊದಲ ಅದನ್ನ ಚಾಲೂ ಮಾಡೂಣು, ಆಮ್ಯಾಲೆ ಕೊಡೂದು ಬಿಡೂದು ಅವರೇ ಹೇಳಲಿ" ಅಂದೆ. ಮಗ ನಕ್ಕ. "ಚಾಲೂ ಯಾರು ಮಾಡ್ತಾರ?" ಅಂದ. ನನಗೂ ಗೊತ್ತಿದ್ದಿಲ್ಲ.

ಮರುದಿನ ಕುರ್ಚಿ ಕಟ್ಟಿಮ್ಯಾಲೆ ಹಾಕಿ ಇವರನ್ನ ಕೂಡಿಸಿದೆ. ಬ್ಯಾಟರಿ ಅವರ ಎಡಗೈಯಾಗ ಕೊಟ್ಟೆ. "ಈಗ ನೀವು ಹಿಡೀರಿ, ನಾ ಬಿಚ್ಚತೀನಿ" ಅಂದೆ.

ಈಗ ಮುದ್ದೆ ಮಾತಿಗೆ ಬರ್ತೀನಿ. ಗಾಡಿ ಚಾಲೂ ಆಗವಲ್ದು ಅಂದ್ರ ಗಾಬರಿ ಆಗಬಾರದು. ನಮ್ಮ ಗ್ಯಾಸ್ ಒಲಿ ಹತ್ತಲಿಲ್ಲಂದ್ರ ಏನು ನೋಡ್ತೀವಿ? ಸಿಲಿಂಡರಿನಾಗ ಗ್ಯಾಸ್ ಅದನೋ ಇಲ್ಲೋ, ಲೈಟರ್ ಕಿಡಿ ಬಿಡ್ತದೋ ಇಲ್ಲೋ, ಬರ್ನರ್ ತೂತು ಕಟ್ಟೇದೇನು. ಗಾಡಿಗೂ ಅಷ್ಟೇ. ಪೆಟ್ರೋಲು ಬರ್ತದೇನು, ಕಿಡಿ ಬರ್ತದೇನು, ಗಾಳಿ ದಾರಿ ಛಲೋ ಅದ ಏನು. ಸೋವಿ ಇದ್ದದ್ದು ಮೊದಲ, ತುಟ್ಟಿದ್ದು ಕಡೀಗೆ.

ಟಾಕಿ ಮುಚ್ಚಳಾ ತಗದ್ರ ಎರಡು ವರ್ಷದ ಪೆಟ್ರೋಲು ವಾರ್ನಿಶ್ ವಾಸನಿ ಹೊಡೀತಿತ್ತು. ಎಲ್ಲಾ ಚೆಲ್ಲಿ ಹೊಸಾದು ಹಾಕಿದೆ. ಕಾರ್ಬೊರೇಟರ್ ಒಳಗ ಜೆಟ್ ಅಂತ ಒಂದು ಸಣ್ಣ ಹಿತ್ತಾಳಿ ತೂತಿರ್ತದ, ಅದು ಅಂಟು ಹಿಡಿದು ಕಟ್ಟಿತ್ತು. ನಾನು ಹಳೇ ಪಂಪ್ ಸ್ಟೋವಿನ ಪಿನ್ ತರಲಿಕ್ಕೆ ಎದ್ದೆ. ಇವರು ಎಡಗೈ ಜೋರಾಗಿ ಅಲಗಾಡಿಸಿದ್ರು, "ಬ್ಯಾಡ, ಬ್ಯಾಡ!" ಅಂದ್ರು. ಪಿನ್ ಹಾಕಿದ್ರ ತೂತು ದೊಡ್ಡದಾಗ್ತದ, ಪೆಟ್ರೋಲು ಜಾಸ್ತಿ ಹೋಗ್ತದ. ಬಾಯಿಲೆ ಊದಬೇಕು, ಇಲ್ಲಾ ಪಂಪಿಲೆ ಗಾಳಿ ಹೊಡೀಬೇಕು. ಎಷ್ಟೋ ದಿನಕ್ಕ ಅವರು ಅಷ್ಟು ಸ್ಪಷ್ಟ "ಬ್ಯಾಡ" ಅಂದಿದ್ದು ಅವತ್ತೇ. ಬೈಸಿಕೊಂಡು ಇಷ್ಟು ಸಂತೋಷ ನನಗ ಎಂದೂ ಆಗಿದ್ದಿಲ್ಲ.

ಆಮ್ಯಾಲೆ ಕಿಡಿ. ಇದು ಆರು ವೋಲ್ಟಿನ ಗಾಡಿ, ಬ್ಯಾಟರಿ (ಟಾರ್ಚಲ್ಲ, ಗಾಡೀದು!) ಸತ್ತಿತ್ತು. ಹೊಸಾದು ಹಾಕಿದೆ, ದೀಪ ಹತ್ತಿತು. ಪ್ಲಗ್ ಬಿಚ್ಚಿ, ಅದರ ಟೊಪ್ಪಗಿ ಹಾಕಿ, ಇಂಜಿನ್ನಿನ ಲೋಹಕ್ಕ ಹಚ್ಚಿ ಹಿಡಿದು ಕಿಕ್ ಹೊಡದ್ರ ನೀಲಿ ಕಿಡಿ ಕಾಣಬೇಕು. ಪೆಟ್ರೋಲಿನ ಅರಬಿ, ಡಬ್ಬಿ ಎಲ್ಲಾ ದೂರ ಇಟ್ಟೇ ಇದನ್ನ ಮಾಡ್ರಿ. ಪ್ಲಗ್ಗಿನ ತೂತಿನ ಬಾಜೂಕೂ ಹಿಡೀಬ್ಯಾಡ್ರಿ. ನನಗ ಕಿಡಿ ಬರ್ಲಿಲ್ಲ. ಇವರು ಬಲಗಡೆ ಮುಚ್ಚಳಕ್ಕ ಬ್ಯಾಟರಿ ಬೆಳಕು ಬಿಟ್ಟು "ಸೌಟು, ಸೌಟು" ಅಂದ್ರು. ಸೌಟು ಅಂದ್ರ ಅವತ್ತಿನ ಮಟ್ಟಿಗೆ ಸ್ಕ್ರೂ ಡ್ರೈವರ್ ಅಂತ ನಾ ತಿಳಕೊಂಡೆ. ಮುಚ್ಚಳಾ ತಗದ್ರ ಒಳಗ ಡೈನಮೋ, ಅದರ ತುದಿಗೆ ಪಾಯಿಂಟ್. ಎರಡು ಸಣ್ಣ ಗುಂಡಿ ಕೂಡೂದು ಬಿಡೂದು ಮಾಡ್ತಾವ, ಬಿಟ್ಟಾಗ ಕಿಡಿ ಹಾರ್ತದ. ನಿಂತು ನಿಂತು ಅವು ಕರ್ರಗಾಗಿದ್ವು. ಪಾಲಿಶ್ ಪೇಪರಿಲೆ ಹಗರಕ ತಿಕ್ಕಿ, ಬಿಳೇ ಅರಬಿಲೆ ಒರಸಿ, ನಡುವ 0.4 ಮಿಲಿಮೀಟರ್ ಸಂದಿ ಇಟ್ಟೆ. ಅದಕ್ಕ ಇವರ ಪೆಟ್ಟಿಗ್ಯಾಗ ಎಲಿಹಂಗ ತೆಳ್ಳನ ಗೇಜ್ ಇದ್ವು. ಮತ್ತ ಕಿಕ್ ಹೊಡದ್ರ, ಆಹಾ, ನೀಲಿ ಕಿಡಿ!

ಪ್ಲಗ್ ಹಾಕಿ ನಾಲ್ಕನೇ ಕಿಕ್ಕಿಗೆ ಗಾಡಿ ಚಾಲೂ ಆತು. ಅಂಗಳ ತುಂಬ ಹೊಗಿ. ಬಾಜೂ ಮನಿ ವೈನಿ ಬೆಂಕಿ ಬಿತ್ತಂತ ಓಡಿ ಬಂದ್ರು.

ಹಾರ್ನ್ ಮಾತ್ರ ಬೆಕ್ಕಿನ ಮರಿಹಂಗ ಮಿಯಾಂವ್ ಅಂತಿತ್ತು, ದೀಪ ಹಚ್ಚಿದ್ರ ಅದೂ ಇಲ್ಲ. ಹೊಸಾ ಹಾರ್ನ್ ತರೂಣು ಅಂತಿದ್ದೆ. ಇವರು ತಡದ್ರು. ಬ್ಯಾಟರಿ ಅರ್ಥಿಂಗ್ ತುದಿಯಿಂದ ಒಂದು ಬ್ಯಾರೆ ವಯರ್ ತಂದು ಹಾರ್ನ್ ಮೈಗೆ ಮುಟ್ಟಿಸು ಅಂತ ಸನ್ನಿ ಮಾಡಿದ್ರು. ಮುಟ್ಟಿಸಿದ್ರ ಓಣಿ ತುಂಬ ಕೇಳೂ ಹಂಗ ಕೂಗಿತು. ಅಂದ್ರ ಹಾರ್ನ್ ಛಲೋನೇ ಇತ್ತು. ಗಾಡ್ಯಾಗ ಕರೆಂಟ್ ಹೋಗೂದು ವಯರಿನಾಗ, ತಿರುಗಿ ಬರೂದು ಗಾಡಿ ಮೈಯಾಗ. ಆ ತಿರುಗಿ ಬರೂ ದಾರ್ಯಾಗ ಒಂದು ಬೋಲ್ಟಿಗೆ ತುಕ್ಕು ಹಿಡದಿತ್ತು. ತಿಕ್ಕಿ ಬಿಗಿ ಮಾಡಿದೆ, ಮುಗೀತು. ಖರ್ಚು ಸೊನ್ನೆ.

ಆದ್ರ ಜಂಬ ಬಂದ ಕೂಡ್ಲೆ ದೇವರು ಕಿವಿ ಹಿಂಡ್ತಾನ ನೋಡ್ರಿ. ನನ್ನ ತಮ್ಮನ ಮಗ ಗಾಡಿ ಹೊಡದು ನೋಡ್ಲಿಕ್ಕೆ ಹೋದ. ಮೂರು ಕಿಲೋಮೀಟರಿಗೆ ನಿಂತಿತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡದ್ರ ಮತ್ತ ಚಾಲೂ. ಮತ್ತ ಮೂರು ಕಿಲೋಮೀಟರ್, ಮತ್ತ ಬಂದ್. ಅಂಗಳದಾಗ ನಿಲ್ಲಿಸಿಟ್ರ ಅರ್ಧಾ ತಾಸು ಡುಗು ಡುಗು ಅಂತ ಓಡ್ತಿತ್ತು, ರಸ್ತೆಕ್ಕ ಹೋದ್ರಷ್ಟೇ ಈ ಆಟ.

ಒಬ್ಬ ಮಿಸ್ತ್ರಿ ಫೋನಿನಾಗೇ "ಕಾದಮ್ಯಾಲೆ ನಿಂತ್ರ ಕಂಡೆನ್ಸರ್ ರೀ" ಅಂದ. ತಂದು ಹಾಕಿದೆ. ನಿಂತಿತು. "ಹಂಗಾರ ಕಾಯಿಲ್" ಅಂದ. ಕಾಯಿಲ್ ತರಿಸಿದೆ, ಜೋಡಿ ಪ್ಲಗ್ಗೂ ಬದಲಿ ಮಾಡಿದೆ. ಮತ್ತೂ ನಿಂತಿತು. ಅವನ ಮಾತು ಪೂರಾ ತಪ್ಪಲ್ಲ, ಕಾದಮ್ಯಾಲೆ ಕೈ ಕೊಡೂವು ಇವೇ ಎರಡು. ಆದ್ರ ನಾನು ನೋಡದ, ಪರೀಕ್ಷಾ ಮಾಡದ ಬರೇ ಸಾಮಾನು ಬದಲಿಸಿದೆ. ಸಾರಿಗೆ ರುಚಿ ಇಲ್ಲಂತ ಉಪ್ಪು, ಹುಳಿ, ಖಾರ ಎಲ್ಲಾ ಒಮ್ಮೆ ಸುರದ್ರ ಯಾವುದು ಕಮ್ಮಿ ಇತ್ತಂತ ಹೆಂಗ ತಿಳೀತದ? ಇವರು ನಡುವ ನಡುವ ಏನೋ ಹೇಳ್ಲಿಕ್ಕೆ ನೋಡಿದ್ರು. "ಟೊಪ್ಪಗಿ" ಅಂತಿದ್ರು. ನಾನು ಪ್ಲಗ್ಗಿನ ಟೊಪ್ಪಗಿ ನೋಡಿ "ಛಲೋ ಅದರೀ" ಅಂದೆ. ಅವರು ಬ್ಯಾಸರಾಗಿ ಮುಖ ತಿರುಗಿಸಿದ್ರು. ಅವತ್ತು ನನಗೂ ಸಿಟ್ಟು ಬಂತು. ಮಗನ ಮಾತು ಕೇಳಬೇಕಾಗಿತ್ತು ಅಂತ ಜೋರಾಗೇ ಅಂದುಬಿಟ್ಟೆ. ಎರಡು ದಿನ ಇಬ್ಬರೂ ಗಾಡಿ ಕಡೆ ಹೋಗಲಿಲ್ಲ.

ಮೂರನೇ ದಿನ ಶೇಂಗಾ ಎಣ್ಣಿ ಡಬ್ಬಿ ಒಡದೆ. ಅವಸರದಾಗ ಒಂದೇ ತೂತು ಹೊಡದು ಬಗ್ಗಿಸಿದೆ. ಮೊದಲ ಗಟ್ ಗಟ್ ಅಂತ ಬಿತ್ತು, ಆಮ್ಯಾಲೆ ನಿಂತಿತು. ಗಾಳಿ ಹೋಗದ ಎಣ್ಣಿ ಹೊರಗ ಬರೂದಿಲ್ಲ, ಎದುರಿಗೆ ಇನ್ನೊಂದು ತೂತು ಹೊಡೀಬೇಕು. ಇದು ನಮ್ಮ ನಿಮ್ಮಂಥವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಮೊಳಿ ಹಿಡಕೊಂಡು ನಿಂತಲ್ಲೇ ನಿಂತೆ. ಟೊಪ್ಪಗಿ! ಪ್ಲಗ್ಗಿಂದಲ್ಲ, ಟಾಕಿ ಮುಚ್ಚಳಾ!

ಟಾಕಿ ಮುಚ್ಚಳದಾಗ ಗಾಳಿ ಹೋಗ್ಲಿಕ್ಕೆ ಸಣ್ಣ ತೂತಿರ್ತದ. ಗಾಡಿ ಪೆಟ್ರೋಲು ಕುಡದಂಗ ಅಲ್ಲಿಂದ ಗಾಳಿ ಒಳಗ ಹೋಗಬೇಕು. ಅದು ಮುಚ್ಚಿದ್ರ ಪೆಟ್ರೋಲು ಇಳಿಯೂದು ನಿಲ್ತದ. ಅಂಗಳದಾಗ ಕಡಿಮಿ ಕುಡೀತದ, ಅದಕ್ಕ ಗೊತ್ತಾಗೂದಿಲ್ಲ. ರಸ್ತೆದಾಗ ಜಾಸ್ತಿ ಕುಡೀತದ, ನಿಲ್ತದ. ಹತ್ತು ನಿಮಿಷ ಬಿಟ್ರ ಹೆಂಗೋ ಗಾಳಿ ಸೇರಿ ಮತ್ತ ಓಡ್ತದ. ನಾವು ಅದನ್ನ ಕಾದದ್ದು, ಆರಿದ್ದು ಅಂತ ತಿಳಕೊಂಡ್ವಿ.

ತೂತು ಯಾರು ಮುಚ್ಚಿದ್ರು? ನಾನೇ. ಗಾಡಿ ಚಾಲೂ ಆದ ದಿನ ಕಟ್ಟಿ ತುಂಬ ಪೆಟ್ರೋಲ್ ವಾಸನಿ ಬರ್ತದಂತ ಮುಚ್ಚಳದ ಹಳೇ ವಾಶರ್ ತಗದು, ಸೈಕಲ್ ಟ್ಯೂಬ್ ಗುಂಡಗ ಕತ್ತರಿಸಿ ಹಾಕಿದ್ದೆ. ನಡುವ ತೂತು ಬಿಟ್ಟಿದ್ದಿಲ್ಲ. ಇವರು ಕುರ್ಚಿಮ್ಯಾಲೆ ಕೂತು ನೋಡಿದ್ರು, ಹೇಳ್ಲಿಕ್ಕೂ ಹೋಗಿದ್ರು. ನಾನು ಕೇಳಿಸಿಕೊಂಡಿದ್ದಿಲ್ಲ.

ಅವರ ಮುಂದ ಹೋಗಿ ಮುಚ್ಚಳಾ ಹಿಡದೆ. "ಇದೇ ಏನ್ರೀ?" ಅಂದೆ. ಅವರು ಟ್ಯೂಬಿನ ತುಕಡಿ ನೋಡಿ ನಗಲಿಕ್ಕೆ ಶುರು ಮಾಡಿದ್ರು. ನಕ್ಕು ನಕ್ಕು ಕಣ್ಣಾಗ ನೀರು ಬಂತು. ನಾನೂ ನಕ್ಕೆ. ಆಮ್ಯಾಲೆ "ಸಿಟ್ಟು ಮಾಡಿದ್ದು ನನ್ನ ತಪ್ಪು" ಅಂದೆ. ಗೋಣು ಹಾಕಿದ್ರು. ಈ ಸಲ ಅದು ಹೂಂ ಅನ್ನೂ ಗೋಣೇ.

ಟ್ಯೂಬಿನ ನಡುವ ತೂತು ಮಾಡಿ ಹಾಕಿದ್ವಿ. ತಮ್ಮನ ಮಗ ಹುಬ್ಬಳ್ಳಿ ತನಕ ಹೋಗಿ ಬಂದ, ಎಲ್ಲೂ ನಿಲ್ಲಲಿಲ್ಲ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್.ಸಿ. ರಿನ್ಯೂ ಆಗಬೇಕು. ದೀಪ, ಹಾರ್ನ್, ಬ್ರೇಕ್ ಎಲ್ಲಾ ತೋರಿಸಿ ಅದೂ ಆತು.

ಅವತ್ತು ಸಂಜೀಕೆ ಮಗಗ ಫೋನ್ ಹಚ್ಚಿ ಇವರ ಕೈಯಾಗ ಕೊಟ್ಟೆ. "ಗಾಡಿ ಏನು ಮಾಡೋದು, ನೀವೇ ಹೇಳ್ರಿ" ಅಂದೆ. ನಾನು ಇಟ್ಕೊಳ್ಳೂಣು ಅಂತಾರ ಅಂದುಕೊಂಡಿದ್ದೆ. ಅವರು ತಮ್ಮನ ಮಗನ ಕಡೆ ಬೊಟ್ಟು ಮಾಡಿ, ತಡದು ತಡದು, "ಇವಗ... ಕೊಡು. ನಿಂತ್ರ... ಸಾಯ್ತದ" ಅಂದ್ರು. ಸ್ವಲ್ಪ ತಡದು "ರವಿವಾರ ತರಬೇಕು" ಅಂದ್ರು. ಆ ಹುಡುಗ "ಆತು ಮಾಮಾ" ಅಂತ ಕಾಲಿಗೆ ನಮಸ್ಕಾರ ಮಾಡಿದ. ಜುಲೈ ತಿಂಗಳ ಎರಡನೇ ರವಿವಾರ ಜಾವಾ, ಯೆಜ್ಡಿ ಇದ್ದೋರೆಲ್ಲಾ ಕೂಡಿ ದಿನ ಆಚರಿಸ್ತಾರಂತ, ಅದಕ್ಕ ಈಗಿಂದಲೇ ತಿಕ್ಕಿ ತೊಳೀಲಿಕತ್ತಾನ.

ನಾನೇ ಮಾರಬೇಕು ಅಂದಾಕಿ, ಈಗ ನನಗೇ ಹೊಟ್ಟ್ಯಾಗ ಕಳಕ್ ಅಂತು. ಆದ್ರೂ ಮಾತು ಅವರದು, ಗಾಡಿ ಅವರದು.

ಬಳಸದ ಕಾಯಿಲ್, ಕಂಡೆನ್ಸರ್ ಪೆಟ್ಟಿಗ್ಯಾಗ ಅದಾವ. ತುಟ್ಟಿ ಪಾಠ. ಬದಲಿ ಮಾಡೂದಾದ್ರ ಒಂದು ಸಲಕ್ಕ ಒಂದೇ ಮಾಡಬೇಕು. ಮತ್ತ ಮನ್ಯಾಗ ಯಾರರೆ ತಪ್ಪು ಶಬ್ದ ಅಂದ್ರ, ಅದು ತಪ್ಪಂತ ಬಿಡೂಕಿಂತ ಮೊದಲ ಇನ್ನೊಮ್ಮೆ ಕೇಳಬೇಕು. ಹೋದ ರವಿವಾರ ಕ್ಲಚ್ ಕೇಬಲ್ ಬದಲಿ ಮಾಡಿದ್ವಿ. ಬ್ಯಾಟರಿ ಇವರೇ ಹಿಡದಿದ್ರು. ಎಡಗೈ ಅಲಗಾಡಿತು, "ಇಲ್ಲೆ ಹಿಡೀರಿ, ಎಲ್ಲಿ ನೋಡ್ತೀರಿ?" ಅಂದೆ.

ಬರ್ಲ್ಯಾ? ಒಲಿ ಮ್ಯಾಲೆ ಹಾಲಿಟ್ಟೇನಿ.