ಇಂಗಳೇಶ್ವರದಲ್ಲಿ ಎಷ್ಟು ಅಕ್ಷರ?

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಸೋಮಾರಿತನ ಒಂದು ಕಾರಣ, ನಾನೇ ಮೈಮೇಲೆ ಎಳೆದುಕೊಂಡ ಒಂದು ಕೆಲಸ ಇನ್ನೊಂದು ಕಾರಣ. ಅದರ ಕಥೆಯನ್ನೇ ಇವತ್ತು ಹೇಳುತ್ತೇನೆ.

2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ನಮ್ಮೂರು ಇಂಗಳೇಶ್ವರಕ್ಕೆ ಬಂದೆ. ಬಾಗೇವಾಡಿ ತಾಲ್ಲೂಕಿನ ಊರು, ಸುತ್ತ ಎರೆಹೊಲ. ಕೈಯಲ್ಲಿ 2 ಜಿಬಿ ಮೆಮರಿಯ ಹಳೇ ಲ್ಯಾಪ್‌ಟಾಪ್, ಮಾಳಿಗಿ ಹತ್ತಿದರೆ ಮಾತ್ರ ಸಿಗುವ ಮೊಬೈಲ್ ಸಿಗ್ನಲ್. ಪ್ರೋಗ್ರಾಂ ಬರೆಯಲು ಆಫೀಸಿನಲ್ಲಿ ಬಳಸುತ್ತಿದ್ದ ಎಡಿಟರ್ ಇದರಲ್ಲಿ ತೆರೆದುಕೊಳ್ಳುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುತ್ತಿತ್ತು. ಆಗಲೇ ಹುಚ್ಚು ಹಿಡಿಯಿತು... ನನ್ನದೇ ಒಂದು ಪುಟ್ಟ ಎಡಿಟರ್ ಯಾಕೆ ಬರೆಯಬಾರದು?

ಈ ಬಡತನ ಹೊಸದೇನಲ್ಲ. 1976ರ ಸುಮಾರಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ 'ವಿಐ' ಬರೆದಾಗ ಅವರ ಮನೆಯಲ್ಲಿದ್ದದ್ದು 300 ಬಾಡ್ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, 80 ಅಕ್ಷರದ ತೆರೆ ಪೂರ್ತಿ ತುಂಬಬೇಕಾದರೆ ಒಂದು ನಿಮಿಷ ದಾಟುತ್ತಿತ್ತು! ಹಾಗಾಗಿ ಕಡಿಮೆ ಒತ್ತಿ ಹೆಚ್ಚು ಕೆಲಸ ಮಾಡುವ ದಾರಿ ಬೇಕಾಯಿತು. ಒಂದೇ ಕೀಲಿಗೆ ಎರಡು ಅರ್ಥ. ಬರೆಯುವ ಸ್ಥಿತಿಯಲ್ಲಿ 'ಡಿ' ಒತ್ತಿದರೆ ಅಕ್ಷರ ಮೂಡುತ್ತದೆ, ಎಸ್ಕೇಪ್ ಒತ್ತಿ ಆಜ್ಞೆಯ ಸ್ಥಿತಿಗೆ ಬಂದು ಎರಡು ಸಲ 'ಡಿ' ಒತ್ತಿದರೆ ಇಡೀ ಸಾಲು ಅಳಿಯುತ್ತದೆ. ಎಚ್, ಜೆ, ಕೆ, ಎಲ್ ಕೀಲಿಗಳಿಂದ ಕರ್ಸರ್ ಓಡಾಡುವುದೂ ಹಾಗೇ ಬಂದದ್ದು. ಅವರ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಆ ಕೀಲಿಗಳ ಮೇಲೇ ಇದ್ದವು. ಮುಂದೆ 1991ರಲ್ಲಿ ಬ್ರಾಮ್ ಮೂಲೆನಾರ್ ಅದೇ ದಾರಿಯಲ್ಲಿ 'ವಿಮ್' ಕೊಟ್ಟರು. 2023ರ ಆಗಸ್ಟಿನಲ್ಲಿ ತೀರಿಹೋಗುವವರೆಗೂ ಅದನ್ನು ನೋಡಿಕೊಂಡರು. ಅದಕ್ಕೆ ಅವರು ದುಡ್ಡು ಕೇಳಲಿಲ್ಲ, ಕೊಡುವುದಿದ್ದರೆ ಉಗಾಂಡಾದ ಮಕ್ಕಳಿಗೆ ಕೊಡಿ ಅಂದರು.

ವಿಮ್ ಇರುವಾಗ ನಿನ್ನದ್ಯಾಕೆ ಅಂತ ಕೇಳಬಹುದು. ಉತ್ತರ ಸರಳ, ಒಳಗೇನಿದೆ ನೋಡುವ ಆಸೆ :-)

ಒಳಗಿನ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಜಾತ್ರೆಯ ಪ್ರಸಾದದ ಪಂಗತಿ ನೆನಪಿಸಿಕೊಳ್ಳಿ. ಸಾಲಿನ ನಡುವೆ ಒಬ್ಬರನ್ನು ಕೂರಿಸಬೇಕಾದರೆ ಆಚೆಗಿರುವವರೆಲ್ಲ ಎಲೆ ಎತ್ತಿಕೊಂಡು ಸರಿಯಬೇಕು. ಜನ ಬರುವ ಕಡೆ ಮೊದಲೇ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದರೆ ಯಾರೂ ಏಳಬೇಕಿಲ್ಲ. ಮೆಮರಿಯಲ್ಲೂ ಕರ್ಸರ್ ಇದ್ದಲ್ಲಿ ಹೀಗೆ ಖಾಲಿ ಬಿಡುತ್ತಾರೆ. ಇದಕ್ಕೆ 'ಗ್ಯಾಪ್ ಬಫರ್' ಎಂದು ಹೆಸರು, ಈಮ್ಯಾಕ್ಸ್‌ನಲ್ಲಿರುವುದೂ ಇದೇ. ಸಿ ಭಾಷೆಯಲ್ಲಿ ಸುಮಾರು ಮೂರು ಸಾವಿರ ಸಾಲು ಬರೆಯುವಷ್ಟರಲ್ಲಿ ನನ್ನ ಎಡಿಟರ್ ಕಣ್ಣು ಮಿಟುಕಿಸುವುದರೊಳಗೆ ತೆರೆಯತೊಡಗಿತು. ಎದೆ ಉಬ್ಬಿತು.

ಆ ಎದೆಯ ಗಾಳಿ ತೆಗೆದದ್ದು ಅಕ್ಕನ ಮಗಳು. ಎಂಟನೇ ಇಯತ್ತೆ. ಕನ್ನಡ ಕೀಲಿಮಣೆ ಹಾಕಿಕೊಂಡು ಊರ ಹೆಸರು ಬರೆದಳು. ನಾನು ಹೇಳಿಕೊಟ್ಟಂತೆ ಎಸ್ಕೇಪ್ ಒತ್ತಿ, ಎರಡು ಸಲ ಡಿ ಒತ್ತಿದಳು. ಏನೂ ಆಗಲಿಲ್ಲ. ಕೀಲಿಮಣೆ ಇನ್ನೂ ಕನ್ನಡದಲ್ಲೇ ಇತ್ತಲ್ಲ, ಎಡಿಟರಿಗೆ ತಲುಪಿದ್ದು 'ದ', 'ದ'. ಆಮೇಲೆ ಇಂಗ್ಲಿಷಿಗೆ ಬದಲಿಸಿ, 'ಶ್ವ' ಮೇಲೆ ಕರ್ಸರ್ ಇಟ್ಟು ಎಕ್ಸ್ ಒತ್ತಿದಳು. 'ಶ' ಮಾತ್ರ ಹೋಯಿತು. 'ಳೇ' ಪಕ್ಕದಲ್ಲಿ ದಿಕ್ಕಿಲ್ಲದ ಒಂದು ಅರ್ಧಚಿಹ್ನೆ ಉಳಿಯಿತು.

"ಮಾಮಾ, ನಮ್ಮೂರ ಹೆಸರ ಮುರದ ಹೋತಲ್ರಿ!"

"ಅದು ಒಂದಕ್ಷರ ಅಲ್ಲವಾ, ಒಳಗ ಮೂರ ಐತಿ" ಅಂದೆ.

"ಸಾಲ್ಯಾಗ ಒಂದ ಅಂತ ಕಲಿಸ್ಯಾರ್ರಿ."

ನನ್ನ ಹತ್ತಿರ ಉತ್ತರವಿರಲಿಲ್ಲ. ಇಂಗಳೇಶ್ವರ: ಓದುವವರಿಗೆ ಐದು ಅಕ್ಷರ. ಯುನಿಕೋಡಿನಲ್ಲಿ ಒಂಬತ್ತು ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದರೆ 27 ಬೈಟು. ನಾನು ಕಂಪ್ಯೂಟರಿನ ಲೆಕ್ಕ ಹಿಡಿದಿದ್ದೆ, ಅವಳು ಕನ್ನಡದ ಲೆಕ್ಕ. ನಮ್ಮೂರಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಶಿಲಾಮಂಟಪವಿದೆ. ಅಲ್ಲಿ ಕೆತ್ತಿದವರೂ 'ಶ್ವ'ವನ್ನು ಒಂದು ಅಂತಲೇ ಎಣಿಸಿರಬೇಕು.

ಮರುದಿನದಿಂದ ರಿಪೇರಿ. ಕನ್ನಡದ ಕೀಲಿಮಣೆಯನ್ನು (ಕೆ.ಪಿ. ರಾವ್ ಅವರ ವಿನ್ಯಾಸ) ಎಡಿಟರಿನ ಒಳಗೇ ಸೇರಿಸಿದೆ. ಬರೆಯುವ ಸ್ಥಿತಿಯಲ್ಲಿ ಕನ್ನಡ, ಎಸ್ಕೇಪ್ ಒತ್ತಿದ ಕೂಡಲೇ ಕೀಲಿಗಳೆಲ್ಲ ಆಜ್ಞೆ. ಉಪಾಯ ನನ್ನದಲ್ಲ, ವಿಮ್‌ನಲ್ಲಿ 'ಕೀಮ್ಯಾಪ್' ಅಂತ ಈ ಸೌಲಭ್ಯ ಮೊದಲೇ ಇದೆ. ಆದರೆ ಮಾಡುವಾಗ ಒಂದು ಹೊಳೆಯಿತು. ಸ್ಥಿತಿ ಬದಲಿಸುವ ಎಡಿಟರ್ ಕಷ್ಟ ಅಂತ ಎಲ್ಲರೂ ದೂರುತ್ತಾರೆ. ಲ್ಯಾರಿ ಟೆಸ್ಲರ್ ಅಂತೂ ಸ್ಥಿತಿಗಳೇ ಬೇಡ ಅಂತ ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲೇ ಬರೆಸಿದ್ದರು. ಆದರೆ ಕನ್ನಡ-ಇಂಗ್ಲಿಷ್ ನಡುವೆ ದಿನವಿಡೀ ಜಿಗಿಯುವ ನಮಗೆ ಸ್ಥಿತಿ ತಪ್ಪಿದ್ದೇ ಇಲ್ಲವಲ್ಲ! ಎರಡು ಜಿಗಿತವನ್ನು ಒಂದು ಮಾಡಿದರೆ ಕಷ್ಟ ಅರ್ಧವಾಗುತ್ತದೆ.

ಅಳಿಸುವುದಕ್ಕೂ ಎರಡು ನಿಯಮ ಇಟ್ಟೆ. ಬರೆಯುತ್ತಿರುವಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಚಿಹ್ನೆ ಮಾತ್ರ ಹೋಗಬೇಕು. 'ಶ್ವೆ' ಬರೆದವನಿಗೆ 'ಶ್ವೇ' ಬೇಕಿದ್ದರೆ ಇಡೀ ಅಕ್ಷರ ಕಳೆಯಬಾರದು. ಆಜ್ಞೆಯ ಸ್ಥಿತಿಯಲ್ಲಿ ಎಕ್ಸ್ ಒತ್ತಿದರೆ ಒತ್ತು, ಗುಣಿತ, ಅನುಸ್ವಾರ ಸಮೇತ ಇಡೀ ಅಕ್ಷರ ಹೋಗಬೇಕು. 'ಸಾಫ್ಟ್‌ವೇರ್' ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ, 'ವೇ' ಹಿಂದಿನದಕ್ಕೆ ಒತ್ತಾಗದಂತೆ ತಡೆಯುವುದು ಅದೇ. ಅದು ಬಂದಲ್ಲಿ ಅಕ್ಷರ ಮುಗಿಯಿತು ಅಂತ ತಿಳಿಯಬೇಕು. ಇಷ್ಟಕ್ಕೇ ಎರಡು ವಾರ ಹಿಡಿಯಿತು.

ಕೆಲಸ ಮುಗಿದಿಲ್ಲ. ಟರ್ಮಿನಲ್ ಎಲ್ಲವನ್ನೂ ಸಮ ಅಗಲದ ಚೌಕಗಳಲ್ಲಿ ಕೂರಿಸಲು ನೋಡುತ್ತದೆ, ನಮ್ಮ ಅಕ್ಷರಗಳು ಆ ಮಾತು ಕೇಳುವುದಿಲ್ಲ. ಉದ್ದ ಸಾಲಿನಲ್ಲಿ ಕರ್ಸರ್ ಈಗಲೂ ಒಂದೆರಡು ಮನೆ ಆಚೆ ನಿಲ್ಲುತ್ತದೆ. ಓದುಗರಲ್ಲಿ ಯಾರಿಗಾದರೂ ದಾರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಅವಳು ಮತ್ತೆ ಪರೀಕ್ಷೆ ಮಾಡಿದಳು. ಊರ ಹೆಸರು ಬರೆದು, ಎಸ್ಕೇಪ್ ಒತ್ತಿ, ಮೊದಲಿಗೆ ಹೋಗಿ ಎಕ್ಸ್ ಒತ್ತುತ್ತಾ ಬೆರಳು ಮಡಚಿ ಎಣಿಸಿದಳು. ಐದನೆಯದಕ್ಕೆ ಸಾಲು ಖಾಲಿ.

"ಈಗ ಬರೋಬ್ಬರಿ ಆತ ನೋಡ್ರಿ ಮಾಮಾ" ಅಂದಳು.