ಅಂಗಳದ ಬಿಸಿಲಿನಲ್ಲಿ ಬಾಳಕದ ಮೆಣಸು

ಮೂಡಬಿದಿರೆಯಿಂದ ವೇಣೂರಿನ ಮಾರ್ಗವಾಗಿ ಬೆಳ್ತಂಗಡಿಗೆ, ಅಲ್ಲಿಂದ ನೇತ್ರಾವತಿಯ ದಡದ ಬಂಟ್ವಾಳಕ್ಕೆ ಸುಗ್ಗಿ ತಿಂಗಳಲ್ಲಿ ಪ್ರಯಾಣ ಮಾಡುವವರಿಗೆ ಬಸದಿಗಳು, ಗಡಾಯಿಕಲ್ಲು ಮೊದಲಾದವುಗಳ ಜೊತೆಗೆ ಇನ್ನೊಂದು ನೋಟವೂ ಕಾಣಸಿಗುತ್ತದೆ. ತೋಟದ ಮನೆಗಳ ಅಂಗಳದಲ್ಲಿ, ಒಣಗುವ ಅಡಕೆಯ ಪಕ್ಕದಲ್ಲಿ, ಚಾಪೆಯ ಮೇಲೆ ಹೊಟ್ಟೆ ಸೀಳಿದ ಹಸಿಮೆಣಸಿನಕಾಯಿಗಳು ಸಾಲಾಗಿ ಮಲಗಿರುತ್ತವೆ. ಇವೇ ಬಾಳಕದ ಮೆಣಸು. ಆಟಿಯ ಜಡಿಮಳೆ ಹೊಯ್ಯುತ್ತಿರುವಾಗ ಕುಚ್ಚಿಲಕ್ಕಿಯ ಗಂಜಿಗೆ ತೆಂಗಿನೆಣ್ಣೆಯಲ್ಲಿ ಕರಿದ ಬಾಳಕವೊಂದಿದ್ದರೆ ಬೇರೆ ಮೇಲೋಗರವನ್ನು ಯಾರೂ ಕೇಳುವುದಿಲ್ಲ.

ಈ ಕಾಯಿ ಇಲ್ಲಿಯ ಮಣ್ಣಿನದಲ್ಲವೆಂದರೆ ಹಳಬರು ನಂಬಲಾರರು. ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ ೧೪೩೦ರಲ್ಲಿ ನಡೆದಾಗ ಆ ಕಂಬಗಳನ್ನು ಕಡೆದ ಶಿಲ್ಪಿಗಳು ಮೆಣಸಿನಕಾಯಿಯನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಅವರ ಊಟದ ಖಾರವೆಲ್ಲ ಕರಿಮೆಣಸು, ಶುಂಠಿ, ಹಿಪ್ಪಲಿಗಳದು. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ಗೊಮ್ಮಟನನ್ನು ನಿಲ್ಲಿಸುವ ವೇಳೆಗೆ, ಮೆಕ್ಸಿಕೋ ಕಡೆಯ ಆ ಗಿಡವು ಪೋರ್ಚುಗೀಸರ ಹಡಗುಗಳಲ್ಲಿ ಬಂದು ಪಡುಗಡಲ ತೀರದಲ್ಲಿ ಬೇರುಬಿಟ್ಟಿದ್ದಿತು.

ಬಂದ ಅತಿಥಿಯು ಮನೆಯ ಯಜಮಾನನ ಹೆಸರನ್ನೇ ಕಿತ್ತುಕೊಂಡಿತು. ಮೆಣಸೆಂದರೆ ಈಗ ಇಲ್ಲಿ ಹೊಸಬನೇ. ಹಳಬನು ಜಿಲ್ಲೆಯ ಕನ್ನಡದಲ್ಲಿ ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆಮುಂಚಿ’ ಎನಿಸಿಕೊಂಡು ಕಷಾಯದ ಡಬ್ಬಿಗೆ ಸರಿದನು. ಒಳ್ಳೆಯವರೆಂದು ಹೊಗಳಿ ಮೂಲೆಯಲ್ಲಿ ಕೂರಿಸುವ ಉಪಾಯ ಮನುಷ್ಯರ ವಿಷಯದಲ್ಲಿಯೂ ನಡೆಯುವುದುಂಟು.

ಮೆಣಸಿನಕಾಯಿಯ ತವರಿನಲ್ಲಿಯೂ ಅದರ ಹೊಟ್ಟೆ ತುಂಬಿಸುವ ಪದ್ಧತಿಯಿದೆ. ಮೆಕ್ಸಿಕೋದವರು ದಪ್ಪ ಜಾತಿಯ ಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಚೀಸನ್ನೋ ಮಾಂಸವನ್ನೋ ತುಂಬಿ, ಕಡೆದ ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ. ಅಲ್ಲಿ ತುಂಬುವುದು ಅಂದಿನ ಊಟಕ್ಕೆ. ಇಲ್ಲಿ ತುಂಬುವುದು ಮುಂದಿನ ಮಳೆಗಾಲಕ್ಕೆ.

ಬೆಳ್ತಂಗಡಿಗೆ ಸಮೀಪದ ಒಂದು ತೋಟದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ತವರು ಮೂಡಬಿದಿರೆಯ ಕಡೆ. ತವರಿನಲ್ಲಿ ಬಾಳಕಕ್ಕೆ ಹುರಿದ ಮೆಂತೆ; ಗಂಡನ ಮನೆಯಲ್ಲಿ ಬರಿಯ ಜೀರಿಗೆ. ಬಂದ ಹೊಸತರಲ್ಲಿ ಅತ್ತೆಗೆ ಹೆದರಿ ಜೀರಿಗೆಯನ್ನೇ ತುಂಬಿದರು. ಅತ್ತೆಯ ಕಾಲಾನಂತರ ಮೆಂತೆ ಮರಳಿತು, ಜೀರಿಗೆಯೂ ಉಳಿಯಿತು. ಬಂಟ್ವಾಳದ ಕೊಂಕಣಿ ನೆರೆಹೊರೆಯವರು ‘ಮಿರ್ಸಾಂಗ್’ ಎನ್ನುವ ಅದೇ ಕಾಯಿಗೆ ಇಂಗು ಬೆರೆಸುವುದನ್ನು ಕಂಡು ಅದನ್ನೂ ಸೇರಿಸಿದರು. ಹೀಗೆ ಮೂರು ಊರುಗಳು ಒಂದು ಕಾಯಿಯ ಹೊಟ್ಟೆ ಸೇರಿದುವು. ಇದನ್ನು ಅವರು ಯಾರಿಗೂ ಬರೆದುಕೊಟ್ಟಿಲ್ಲ.

ಹಿಂದಿನ ವರ್ಷ ಅಜ್ಜಿ ಜ್ವರದಿಂದ ಮಲಗಿದ್ದಾಗ ಸೊಸೆ ತನ್ನ ಅಂದಾಜಿನಿಂದಲೇ ಮಾಡಿದಳು. ಉಪ್ಪು ಕಡಿಮೆಯಾಯಿತು; ಅಕಾಲದ ಮಳೆಯೂ ಬಂತು. ಬೂಷ್ಟು ಹಿಡಿದ ಕಾಯಿಗಳೆಲ್ಲ ತೆಂಗಿನ ಬುಡಕ್ಕೆ ಹೋದುವು. ಆ ಮಳೆಗಾಲದಲ್ಲಿ ಬಂಟ್ವಾಳ ಪೇಟೆಯಿಂದ ಪೊಟ್ಟಣ ತರಿಸಿದರು. ಅಜ್ಜಿ ಒಂದನ್ನು ಮುರಿದು ಮೂಸಿ ನೋಡಿ ಎಲೆಯ ಬದಿಗೆ ಸರಿಸಿದರು. ಮಾತನಾಡಲಿಲ್ಲ.

ಈ ವರ್ಷ ಬೆಂಗಳೂರಿನಿಂದ ಮೊಮ್ಮಗಳು ತಕ್ಕಡಿ, ಪುಸ್ತಕಗಳೊಡನೆ ಬಂದಳು. ಅಜ್ಜಿಯ ಬೆರಳುಗಳು ಸೆಟೆದಿದ್ದುದರಿಂದ ಕಾಯಿ ಸೀಳುವ ಕೆಲಸ ಅವಳದು: ತೊಟ್ಟು ಬಿಡಬಾರದು, ತುದಿಯವರೆಗೆ ಸೀಳಬಾರದು, ಬೀಜ ಪೂರ್ತಿ ತೆಗೆಯಬಾರದು. ತರಿಯಾಗಿ ಪುಡಿಮಾಡಿದ ಮೆಂತೆ, ಜೀರಿಗೆ, ಇಂಗುಗಳನ್ನು ಗಟ್ಟಿಮೊಸರಿನಲ್ಲಿ ಕಲಸಿ ತುಂಬಿದ ಮೇಲೆ ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ ಒಂದು ರಾತ್ರಿ. ಹಗಲು ಬಿಸಿಲು, ಸಂಜೆ ಮತ್ತೆ ಮಜ್ಜಿಗೆ. ಮಜ್ಜಿಗೆಯೆಲ್ಲ ಕಾಯಿಗೆ ಹೀರಿಕೊಳ್ಳುವವರೆಗೆ ಇದೇ ಕ್ರಮ.

“ಉಪ್ಪೆಷ್ಟು, ಅಜ್ಜಿ?”

“ಹಿಡಿಸುವಷ್ಟು.”

“ಹಿಡಿಸುವಷ್ಟು ಎಂದರೆ?”

“ಮಜ್ಜಿಗೆಯ ಹುಳಿ ನೋಡಿಕೊಂಡು ಹಾಕುವುದು, ಮಗಾ.”

ಮೊಮ್ಮಗಳು ಸೋಲಲಿಲ್ಲ. ಅಜ್ಜಿಯ ಹಿಡಿಯ ಉಪ್ಪನ್ನು ತಕ್ಕಡಿಗೆ ಸುರಿಸಿಕೊಂಡಳು. ಮೂರು ಭರಣಿಗೆ ಮೂರು ಹಿಡಿ. ತೂಕವೂ ಮೂರು ಬಗೆ. ಮುಪ್ಪಿನ ಕೈ ತಪ್ಪಿತೆಂದುಕೊಂಡಳು. ಅಜ್ಜಿ ನಕ್ಕು ಭರಣಿಗಳನ್ನು ತೋರಿಸಿದರು. ಮೊದಲನೆಯದರಲ್ಲಿ ತೊಗಲು ದಪ್ಪವಾದ ಮೊದಲ ಕೊಯ್ಲಿನ ಕಾಯಿ. ಎರಡನೆಯದರಲ್ಲಿ ನಿನ್ನೆಯ ಮಜ್ಜಿಗೆ, ಮೂರನೆಯದರಲ್ಲಿ ಮೊನ್ನೆಯದು. ಪುಸ್ತಕದಲ್ಲಿ ಬರೆದ ಅಂಕಿಯನ್ನು ಹುಡುಗಿ ಹೊಡೆದುಹಾಕಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕಟ್ಟಿತು, ಗುಡುಗೂ ಕೇಳಿಸಿತು. ಮನೆಯವರೆಲ್ಲ ಓಡಿ ಚಾಪೆಗಳನ್ನು ಜಗಲಿಗೆ ಎಳೆದರು. ನಾಲ್ಕು ಹನಿ ಉದುರಿಸಿ ಮೋಡ ಮುಂದೆ ಹೋಯಿತು. ಸಂಜೆ ಕಾಯಿಗಳನ್ನು ಭರಣಿಗೆ ತುಂಬುವಾಗ, ತಂಪು ಗಾಳಿಗೆ ಇನ್ನಷ್ಟು ಉಪ್ಪು ಬೇಕೆಂದು ಮೊಮ್ಮಗಳೇ ಹೇಳಿ, ಯಾರನ್ನೂ ಕೇಳದೆ ತನ್ನ ಹಿಡಿಯಿಂದಲೇ ಹಾಕಿದಳು. ಅಜ್ಜಿ ಬೆರಳದ್ದಿ ನಾಲಗೆಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇನ್ನೊಂದು ಚಿಟಿಕೆ,” ಎಂದರು.